ಕಸ್ತೂರಿಯ ಹದಿನೆಂಟು ಕಿಲೊ

ನಮ್ಮೂರಿನಲ್ಲಿ ಯಾರೂ ಯಾರನ್ನೂ ‘ಚೆನ್ನಾಗಿದೀರಾ’ ಅಂತ ಕೇಳುವುದಿಲ್ಲ, ‘ಎಷ್ಟಿದೆ’ ಅಂತ ಕೇಳುತ್ತಾರೆ. ಎರಡು ಕಿಲೊ, ಮೂರು ಕಿಲೊ ಅಂತ ಉತ್ತರ ಬಂದರೆ ಮಾತು ಬಿಸಿಲಿನ ಕಡೆಗೋ ಮಕ್ಕಳ ಪರೀಕ್ಷೆಯ ಕಡೆಗೋ ಹೊರಳಿಕೊಳ್ಳುತ್ತದೆ. ಏಳು, ಎಂಟು ಅಂದರೆ ಕೇಳಿದವರು ಕೈಚೀಲ ಕೆಳಗಿಟ್ಟು ಅಲ್ಲೇ ನಿಂತುಬಿಡುತ್ತಾರೆ. ಮನಸ್ಸಿನ ಭಾರ ಮೈಗೆ ಇಳಿಯುವ ಊರು ನಮ್ಮದು. ನೋಡುವುದಕ್ಕೆ ಮನುಷ್ಯ ಒಂದಿಷ್ಟೂ ದಪ್ಪಗಾಗಿರುವುದಿಲ್ಲ. ಆದರೆ ಕೂತರೆ ಕುರ್ಚಿಯ ಬೆತ್ತ ಜಗ್ಗುತ್ತದೆ, ಸೈಕಲ್ಲಿನ ಚಕ್ರ ಚಪ್ಪಟೆಯಾಗುತ್ತದೆ, ಹಸಿ ನೆಲದಲ್ಲಿ ಹೆಜ್ಜೆ ಆಳವಾಗಿ ಮೂಡುತ್ತದೆ. ಆಟೊದವರು ಹತ್ತಿಸಿಕೊಳ್ಳುವ ಮುಂಚೆ ಒಂದು ಸಲ ಮುಖ ನೋಡುತ್ತಾರೆ. ಮದುವೆ ಮನೆಯಲ್ಲಿ ಹೆಣ್ಣಿನ ತಂದೆಗೆ ಮರದ ಕುರ್ಚಿ ಹಾಕದೆ ಕಲ್ಲಿನ ಜಗಲಿಯ ಮೇಲೆ ಕೂರಿಸುವುದು ವಾಡಿಕೆ. ಫಲಿತಾಂಶದ ದಿನ ಹೈಸ್ಕೂಲಿನ ಮಹಡಿಗೆ ಒಂದು ಸಲಕ್ಕೆ ಹತ್ತೇ ಮಕ್ಕಳನ್ನು ಬಿಡುತ್ತಾರೆ.

ಊರಿನ ನಡುವೆ ಹೊಳೆ ಹರಿಯುತ್ತದೆ. ಬಂಡೆಗಳೇ ಹೆಚ್ಚಾದ್ದರಿಂದ ದೋಣಿ ಹೋಗುವುದಿಲ್ಲ. ದಾಟುವುದಕ್ಕೆ ಒಂದು ಹಲಗೆ ಸೇತುವೆ ಇದೆ, ನೂರು ಹೆಜ್ಜೆ ಉದ್ದದ್ದು. ಹತ್ತು ಕಿಲೊಗಿಂತ ಹೆಚ್ಚು ಭಾರದ ಮನಸ್ಸು ಇಟ್ಟುಕೊಂಡವರು ಅದನ್ನು ಹತ್ತುವಂತಿಲ್ಲ ಅನ್ನುವುದು ಪುರಸಭೆಯ ಕಾನೂನು. ಅಂಥವರು ಸೇತುವೆಯ ಪಕ್ಕದ ಮಾತಿನ ಮನೆಗೆ ಬಂದು, ಲಲಿತಾಂಬ ಮೇಡಂ ಎದುರಿಗೆ ಕೂತು, ಹೇಳಬೇಕಾದ್ದನ್ನೆಲ್ಲ ಹೇಳಿ, ಹಗುರಾಗಿ ಹೋಗಬೇಕು. ಮೇಡಂ ಮೂವತ್ತು ವರ್ಷದಿಂದ ಊರಿನ ಭಾರ ಇಳಿಸಿದವರು. ಗಂಡ ತೀರಿಕೊಂಡವರು, ಮಗಳ ಜೊತೆ ಮುನಿಸಿಕೊಂಡವರು, ಯಾಕೆ ಭಾರವಾಗಿದೆ ಎಂದು ತಮಗೇ ಗೊತ್ತಿಲ್ಲದವರು, ಎಲ್ಲರೂ ಆ ಮನೆಯ ಮೆಟ್ಟಿಲನ್ನು ಹತ್ತಿದ್ದಕ್ಕಿಂತ ಬೇಗ ಇಳಿದು ಹೋಗಿದ್ದರು.

ಬಾಗಿಲಲ್ಲಿರುವ ತೂಕದ ಯಂತ್ರದ ಪಕ್ಕ ಕೂರುವುದು ನನ್ನ ಕೆಲಸ. ಯಂತ್ರಕ್ಕೆ ಎರಡು ಮುಳ್ಳು. ಕಪ್ಪು ಮುಳ್ಳು ಮೈಯದು, ಕೆಂಪು ಮುಳ್ಳು ಮನಸ್ಸಿನದು. ಬರುವಾಗ ಎಷ್ಟು, ಹೋಗುವಾಗ ಎಷ್ಟು ಅಂತ ಸ್ಲೇಟಿನ ಮೇಲೆ ಬರೆದು ತೋರಿಸಿ ಒರೆಸುತ್ತೇನೆ. ನನ್ನ ಹೆಸರು ಅಂಬುಜ. ಹನ್ನೆರಡನೇ ವಯಸ್ಸಿನಲ್ಲಿ ಬಂದ ಜ್ವರ ನನ್ನ ಎಡಗಿವಿಯನ್ನು ಪೂರ್ತಿಯಾಗಿ, ಬಲಗಿವಿಯನ್ನು ಮುಕ್ಕಾಲು ಪಾಲು ತೆಗೆದುಕೊಂಡು ಹೋಗಿತ್ತು. ಮನೆಯವರಿಗೆ ಅರ್ಧಂಬರ್ಧ ಗೊತ್ತು, ಊರಿಗೆ ಗೊತ್ತಿರಲಿಲ್ಲ. ತುಟಿ ನೋಡಿ ಅಂದಾಜು ಮಾಡುತ್ತಿದ್ದೆ. ಅಂದಾಜು ಸಿಗದಿದ್ದರೆ ತಲೆಯಾಡಿಸುತ್ತಿದ್ದೆ. ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ನಗುತ್ತಿದ್ದೆ. ನನ್ನ ಕೆಂಪು ಮುಳ್ಳು ಹನ್ನೆರಡು ವರ್ಷದಿಂದ ನಾಲ್ಕೂವರೆಯಲ್ಲೇ ನಿಂತಿತ್ತು. ಹತ್ತರ ಒಳಗಿರುವವರನ್ನು ಕಾನೂನು ವಿಚಾರಿಸುವುದಿಲ್ಲವಾದ್ದರಿಂದ ನನ್ನನ್ನೂ ಯಾರೂ ವಿಚಾರಿಸಿರಲಿಲ್ಲ.

ಒಂದು ಸೋಮವಾರ ಪುಟ್ಟತಾಯಮ್ಮ ತನ್ನ ಮಗಳು ಕಸ್ತೂರಿಯನ್ನು ಕರೆದುಕೊಂಡು ಬಂದಳು. ಕಸ್ತೂರಿಗೆ ಹದಿನೇಳು ವರ್ಷ, ಹುಟ್ಟಿನಿಂದಲೇ ಕಿವಿ ಕೇಳಿಸದು. ದೂರದ ಊರಿನ ಕಿವುಡು ಮಕ್ಕಳ ಹಾಸ್ಟೆಲಿನಲ್ಲಿದ್ದು ಹತ್ತನೇ ಕ್ಲಾಸು ಮುಗಿಸಿ ಹಿಂದಿನ ವರ್ಷ ಮನೆಗೆ ಬಂದಿದ್ದಳು. ಎರಡು ದಿನದ ಹಿಂದೆ ಅಟ್ಟಕ್ಕೆ ಹತ್ತುವಾಗ ಮೆಟ್ಟಿಲೊಂದು ಅವಳ ಕಾಲಡಿಯಲ್ಲಿ ಮುರಿದಿತ್ತು. ಯಂತ್ರದ ಮೇಲೆ ನಿಲ್ಲಿಸಿದೆ. ಕಪ್ಪು ಮುಳ್ಳು ನಲವತ್ತಮೂರಕ್ಕೆ ಹೋಯಿತು, ಕೆಂಪು ಮುಳ್ಳು ಹದಿನೆಂಟಕ್ಕೆ.

“ಹದಿನೆಂಟಾ?” ಅಂದಳು ಪುಟ್ಟತಾಯಮ್ಮ. “ಯಂತ್ರ ಸರಿಯಾಗಿ ನೋಡವ್ವ. ಈ ಮಗೀಗೆ ಏನ್ ಯೋಚ್ನೆ ಅದೆ? ತಿಂತಾಳೆ, ಮಲಗ್ತಾಳೆ.”

ಒಳಗೆ ಮೇಡಂ ಎದುರು ತಾಯಿ ಮಗಳು ಕೂತರು. ನಾನು ಬಾಗಿಲ ಹತ್ತಿರ ಮುಖಗಳು ಕಾಣುವ ಹಾಗೆ ಕೂತೆ, ಅದು ನನ್ನ ಹಳೆಯ ಅಭ್ಯಾಸ. ಮೇಡಂ ಮೆತ್ತಗೆ, “ಮನಸ್ಸಲ್ಲಿ ಏನಿದೆ ಅಂತ ಕೇಳಿ” ಅಂದರು. ಪುಟ್ಟತಾಯಮ್ಮ ಮಗಳ ಎದೆಯನ್ನು ಬೆರಳಿನಿಂದ ತಟ್ಟಿ, ‘ಏನು’ ಅನ್ನುವಂತೆ ಅಂಗೈ ತಿರುವಿದಳು. ಕಸ್ತೂರಿ ತಾಯಿಯನ್ನೊಮ್ಮೆ ಮೇಡಂ ಅವರನ್ನೊಮ್ಮೆ ನೋಡಿದಳು. ಆಮೇಲೆ ಅವಳ ಎರಡೂ ಕೈ ಎದ್ದವು. ಎರಡು ನಿಮಿಷ ಅವು ನಿಲ್ಲಲಿಲ್ಲ. ಹುಬ್ಬು ಏರಿತು, ಕೆನ್ನೆ ಉಬ್ಬಿತು, ಭುಜ ಕುಸಿಯಿತು, ಬೆರಳುಗಳು ಗಾಳಿಯಲ್ಲಿ ಯಾರು ಯಾರನ್ನೋ ಕೂರಿಸಿ ಎಬ್ಬಿಸಿ ಓಡಿಸಿದವು. ಕೊನೆಗೆ ಕೈಗಳು ಮಡಿಲಲ್ಲಿ ಬಿದ್ದವು.

“ಏನಂತೆ?” ಅಂದರು ಮೇಡಂ.

ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡಳು. “ಹೊಟ್ಟೆ ಉರಿ ಅಂತಾಳೆ ಅನ್ನಿಸ್ತದೆ ಮೇಡಮ್ಮಾರೆ. ಮಜ್ಜಿಗೆ ಕುಡಿಸ್ತೀನಿ.”

ಹೋಗುವಾಗ ತೂಕ ಮಾಡಿದರೆ ಹದಿನೆಂಟೂಕಾಲು. ಮೂವತ್ತು ವರ್ಷದಲ್ಲಿ ಆ ಮನೆಯಿಂದ ಭಾರ ಹೆಚ್ಚಿಸಿಕೊಂಡು ಹೊರಗೆ ಹೋದವಳು ಕಸ್ತೂರಿ ಒಬ್ಬಳೇ. ಮೇಡಂ ಸ್ಲೇಟನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಅಂಕಿ ಅದೇ ಇತ್ತು.

ಮುಂದಿನ ವಾರ ಮೇಡಂ ಕಾಗದ ಪೆನ್ನು ತರಿಸಿದರು. ಹತ್ತನೇ ಕ್ಲಾಸು ಪಾಸಾದವಳು, ಬರೆಯುತ್ತಾಳೆ ಅಂತ ಅವರ ಲೆಕ್ಕಾಚಾರ. ಕಸ್ತೂರಿ ಬಹಳ ಹೊತ್ತು ಪೆನ್ನಿನ ತುದಿ ಕಚ್ಚಿ, ಬರೆದು ಮುಂದಿಟ್ಟಳು. ‘ಮನೆ ಬಾಯಿ ತುಂಬ. ನಾನು ಬಾಯಿ ಇಲ್ಲ. ನಗು ಎಲ್ಲ. ಏನು. ಆಮೇಲೆ. ಆಮೇಲೆ ಬರಲ್ಲ.’

ಮೇಡಂ ಮೂರು ಸಲ ಓದಿದರು. ಪುಟ್ಟತಾಯಮ್ಮ ಇಣುಕಿ ನೋಡಿ ಕೆಂಪಾದಳು. “ಬಾಯಿಗಿಲ್ಲ ಅಂತ ಬರೆದವ್ಳಲ್ಲ, ನಾವು ಉಣ್ಣಕ್ಕಿಕ್ಕಲ್ವಾ? ಒಂದು ಸೆಂಟೆನ್ಸು ನೆಟ್ಟಗೆ ಬರೆಯಕ್ಕೆ ಕಲಿಸ್ದೆ ಹೆಂಗ್ ಪಾಸ್ ಮಾಡಿದ್ರೋ ಆ ಸ್ಕೂಲ್ನವ್ರು.”

ನನಗೆ ಅರ್ಥವಾಗಿತ್ತು, ಒಂದೊಂದು ಅಕ್ಷರವೂ. ಮನೆ ತುಂಬ ಜನ ಊಟಕ್ಕೆ ಕೂರುತ್ತಾರೆ. ಅಣ್ಣಂದಿರು ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಇವಳು ಏನು ಅಂತ ಕೇಳುತ್ತಾಳೆ. ಆಮೇಲೆ ಹೇಳುತ್ತೇವೆ ಅನ್ನುತ್ತಾರೆ. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ನಮ್ಮ ಮನೆಯಲ್ಲೂ ಬಂದಿಲ್ಲ. ಆದರೆ ಬಾಯಿಬಿಟ್ಟರೆ ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳುತ್ತಾರಲ್ಲ. ಸುಮ್ಮನೆ ಸ್ಲೇಟು ಒರೆಸುತ್ತ ಕೂತೆ. ಆ ದಿನ ಕಸ್ತೂರಿಯ ಮುಳ್ಳು ಹತ್ತೊಂಬತ್ತಕ್ಕೆ ಹೋಯಿತು. ಮನೆಗೆ ಹೋಗುವ ಮುಂಚೆ ಯಾರೂ ಇಲ್ಲದಾಗ ನಾನೂ ಯಂತ್ರ ಹತ್ತಿದೆ. ಐದೂಮುಕ್ಕಾಲು.

ಮೂರನೇ ವಾರ ಕಸ್ತೂರಿ ಕೂತ ಕುರ್ಚಿಯ ಬೆತ್ತ ಹರಿದು ಅವಳು ಚೌಕಟ್ಟಿನೊಳಗೆ ಸಿಕ್ಕಿಕೊಂಡಳು. ಎಳೆದು ತೆಗೆದೆವು. ಬೇರೆ ಕುರ್ಚಿ ತರಲು ನಾನು ಹಿಂದಿನ ವರಾಂಡಕ್ಕೆ ಹೊರಟಾಗ ಅವಳೂ ಮುರಿದ ಕುರ್ಚಿಯನ್ನು ಎತ್ತಿಕೊಂಡು ನನ್ನ ಬೆನ್ನ ಹಿಂದೆ ಬಂದಳು.

ವರಾಂಡದಲ್ಲಿ ಖೈರುನ್ನಿಸಾ ಕೂತಿದ್ದಳು. ಭಾರದ ಜನ ಬಂದು ಹೋಗುವ ಮನೆಯಲ್ಲಿ ಕುರ್ಚಿ ಹೆಣೆಯುವವರು ಒಬ್ಬರು ಬೇಕೇಬೇಕು. ಖೈರುನ್ನಿಸಾ ಹನ್ನೊಂದು ವರ್ಷದಿಂದ ಅಲ್ಲಿ ಬೆತ್ತ ಹೆಣೆಯುತ್ತಿದ್ದಳು. ನಲವತ್ತರ ಹೆಂಗಸು, ಗಟ್ಟಿ ಮಣಿಕಟ್ಟು. ಹೊಳೆಯ ಆಚೆ ದಡದಿಂದ ದಿನಾ ಸೇತುವೆ ದಾಟಿ ಬರುತ್ತಿದ್ದಳು. ಅವಳಿಗೆ ಕಿವಿ ಕೇಳಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ. ಕುರ್ಚಿ ತೋರಿಸುತ್ತಿದ್ದೆವು, ಅವಳು ತಲೆಯಾಡಿಸುತ್ತಿದ್ದಳು, ಕೆಲಸ ಮುಗಿಯುತ್ತಿತ್ತು.

ಕಸ್ತೂರಿ ಮುರಿದ ಕುರ್ಚಿ ಕೆಳಗಿಟ್ಟು, ನಾಚಿಕೆಯಿಂದ, ಯಾರಿಗೂ ಅಲ್ಲ ಅನ್ನುವ ಹಾಗೆ ಕೈಯಲ್ಲಿ ಸಣ್ಣದಾಗಿ ಏನೋ ಅಂದಳು. ಖೈರುನ್ನಿಸಾಳ ಕೈಯಿಂದ ಬೆತ್ತ ಜಾರಿತು. ಅವಳು ಕೈಯಲ್ಲೇ ಉತ್ತರ ಕೊಟ್ಟಳು. ಕಸ್ತೂರಿ ಎರಡು ಹೆಜ್ಜೆ ಹಿಂದೆ ಹೋದಳು, ಮತ್ತೆ ಮೂರು ಹೆಜ್ಜೆ ಮುಂದೆ ಬಂದಳು. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ, ಕಟ್ಟಿದ್ದ ನೀರಿನ ತೂಬು ತೆಗೆದ ಹಾಗೆ. ಹುಡುಗಿ ನಿಂತುಕೊಂಡೇ ನಲವತ್ತು ನಿಮಿಷ ಮಾತಾಡಿದಳು. ನಡುವೆ ಅತ್ತಳು, ಮೂಗು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ ಭುಜಕ್ಕೆ ಒರೆಸಿಕೊಂಡಳು. ಖೈರುನ್ನಿಸಾ ಕಣ್ಣು ಕೀಳಲಿಲ್ಲ. ಒಂದೆರಡು ಕಡೆ ಒಂದು ಪ್ರಶ್ನೆ, ಒಂದು ಕಡೆ ಹಣೆ ಚಚ್ಚಿಕೊಂಡು ನಗು. ನಾನು ಹೊಸ ಕುರ್ಚಿಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದೆ.

ಹೋಗುವಾಗ ಮುಳ್ಳು ಹದಿನೈದಕ್ಕೆ ಇಳಿದಿತ್ತು. ಮೇಡಂ ನಂಬಲಿಲ್ಲ. ತಾವೇ ಯಂತ್ರ ಹತ್ತಿ ಇಳಿದರು, ಅಕ್ಕಿ ಮೂಟೆ ಇಟ್ಟು ನೋಡಿದರು. ಯಂತ್ರ ಸರಿಯಾಗಿತ್ತು. ಕಡೆಗೆ ವರಾಂಡಕ್ಕೆ ಬಂದು ಖೈರುನ್ನಿಸಾಳ ಎದುರು ಕೂತು, ಈ ಹುಡುಗಿಗೆ ಮಾತಿನವಳಾಗಿ ನೀನೇ ಕೂರಬೇಕು ಅಂತ ಸ್ಲೇಟಿನ ಮೇಲೆ ಬರೆದರು.

ಖೈರುನ್ನಿಸಾ ಸೀಮೆಸುಣ್ಣ ತೆಗೆದುಕೊಂಡು ಸಾವಕಾಶವಾಗಿ ಬರೆದಳು. ‘ಹನ್ನೊಂದು ವರ್ಷ. ನನ್ನನ್ನು ಎಷ್ಟಿದೆ ಅಂತ ಯಾರೂ ಕೇಳಿಲ್ಲ.’

ಮೇಡಂ ಮುಖ ತಗ್ಗಿಸಿದರು. ಖೈರುನ್ನಿಸಾ ಅವರನ್ನು ಹೆಚ್ಚು ಹೊತ್ತು ಹಾಗೇ ಬಿಡಲಿಲ್ಲ. ತಾನು ತಿಂಗಳಿಗೆ ಎರಡು ಭಾನುವಾರ ಬಸ್ಸು ಹಿಡಿದು ಪಕ್ಕದ ಊರಿಗೆ ಹೋಗುತ್ತೇನೆ, ಅಲ್ಲಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ತನ್ನಂಥವರು ಸೇರುತ್ತಾರೆ, ಅಲ್ಲೇ ಭಾರ ಇಳಿಸಿ ಬರುತ್ತೇನೆ ಅಂತ ಬರೆದಳು. ಆಮೇಲೆ ಷರತ್ತು ಹಾಕಿದಳು. ತಾಯಿ ಹೊರಗಿರಬೇಕು, ಬಾಗಿಲು ಹಾಕಿರಬೇಕು, ಒಳಗೆ ಹೇಳಿದ್ದು ಹೊರಗೆ ಬರಬಾರದು. ತಾನು ಕುರ್ಚಿಯವಳು, ಡಾಕ್ಟರಲ್ಲ, ದೊಡ್ಡ ಭಾರ ಏನಾದರೂ ಬಂದರೆ ಮೇಡಂ ಜೊತೆಗಿರಬೇಕು, ಅದಕ್ಕಾಗಿ ಮೇಡಂ ಕೈಮಾತು ಕಲಿಯಬೇಕು. ಕೊನೆಗೆ ಸೀಮೆಸುಣ್ಣದ ತುದಿಯನ್ನು ನನ್ನ ಕಡೆ ತೋರಿಸಿ ಬರೆದಳು. ‘ಮೊದಲು ಇವಳು ಕಲಿಯಲಿ. ಇವಳಿಗೂ ಬೇಕು.’

“ಅಂಬುಜನಿಗೆ ಯಾಕೆ?” ಅಂದರು ಮೇಡಂ.

ಖೈರುನ್ನಿಸಾ ಸೀಮೆಸುಣ್ಣ ಕೆಳಗಿಟ್ಟಳು. ನನ್ನನ್ನೇ ನೋಡುತ್ತಿದ್ದಳು. ಬೆತ್ತ ಹೆಣೆಯುತ್ತ ಕೂತವಳ ಕಣ್ಣಿಗೆ ನಾನು ಜನರ ಮುಖ ನೋಡುವ ರೀತಿ ನಾನು ಇಲ್ಲಿಗೆ ಕೆಲಸಕ್ಕೆ ಬಂದ ಆರು ವರ್ಷದಿಂದ ಬಿದ್ದಿರಬೇಕು. ಸುಳ್ಳು ಹೇಳುವುದಕ್ಕೆ ನನಗೆ ಅವಕಾಶ ಇತ್ತು, ಅವಳು ಬಾಯಿ ಬಿಡುತ್ತಿರಲಿಲ್ಲ.

“ನನಗೂ ಕೇಳ್ಸಲ್ಲ ಮೇಡಂ,” ಅಂದೆ. “ಎಡಗಡೆ ಏನೂ ಇಲ್ಲ. ಬಲಗಡೆ ಸ್ವಲ್ಪ.”

“ಯಾವಾಗಿಂದ?”

“ಹನ್ನೆರಡನೇ ವರ್ಷದಿಂದ. ಹೋದ ವಾರ ಕಸ್ತೂರಿ ಬರೆದಿದ್ದು ನನಗೆ ಅರ್ಥ ಆಗಿತ್ತು. ಹೇಳ್ಲಿಲ್ಲ.”

ಮೇಡಂ ಕೂತಿದ್ದ ಕುರ್ಚಿ ಕಿರುಗುಟ್ಟಿರಬೇಕು. ನನಗೆ ಕೇಳಿಸಲಿಲ್ಲ, ಅದರ ಕಾಲು ಅದುರಿದ್ದು ಕಾಣಿಸಿತು. “ಇಡೀ ಊರಿನ ಮಾತು ಕೇಳ್ತೀನಿ ಅಂದ್ಕೊಂಡಿದ್ದೆ,” ಅಂದರು. ಆಮೇಲೆ ನನಗೆ ತುಟಿ ಕಾಣುವ ಹಾಗೆ ಮುಖ ತಿರುಗಿಸಿ, “ಈಗ ಹೇಳು” ಅಂದರು. ನಾನು ಹೇಳಿದೆ. ಏನು ಹೇಳಿದೆ ಅನ್ನುವುದು ಆ ಮನೆಯ ಕಾನೂನಿನ ಪ್ರಕಾರ ಅಲ್ಲೇ ಉಳಿಯಬೇಕಾದ್ದು.

ಹೀಗೆ ನಾವಿಬ್ಬರೂ ಸಂಜೆ ಹೊತ್ತು ಖೈರುನ್ನಿಸಾಳ ವಿದ್ಯಾರ್ಥಿಗಳಾದೆವು. ನನ್ನ ಕೈ ಬೇಗ ಪಳಗಿತು. ಮೇಡಂ ಕೈ ಬಲು ಗಂಭೀರ. ‘ನಿನ್ನ ದುಃಖ ಏನು’ ಅಂತ ಕೇಳಲು ಹೋಗಿ ‘ನಿನ್ನ ಬದನೆಕಾಯಿ ಏನು’ ಅಂತ ಕೇಳಿದ್ದಕ್ಕೆ ಕಸ್ತೂರಿ ನೆಲದ ಮೇಲೆ ಕೂತು ನಕ್ಕಿದ್ದಳು. ಆ ನಗುವಿಗೇ ಅರ್ಧ ಕಿಲೊ ಇಳಿಯಿತು ಅಂತ ಮೇಡಂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ವಾರಕ್ಕೆ ಎರಡು ದಿನ ಒಳಗಿನ ಕೋಣೆಯಲ್ಲಿ ಖೈರುನ್ನಿಸಾ, ಕಸ್ತೂರಿ ಇಬ್ಬರೇ. ಮುಳ್ಳು ಹದಿನಾಲ್ಕಾಯಿತು, ಹದಿಮೂರಾಯಿತು, ಹನ್ನೆರಡರ ಹತ್ತಿರ ಬಂತು.

ಹೊರಗೆ ಬೆಂಚಿನ ಮೇಲೆ ಪುಟ್ಟತಾಯಮ್ಮ ಕೂತಿರುತ್ತಿದ್ದಳು. ಹಾಕಿದ ಬಾಗಿಲನ್ನು ನೋಡುತ್ತಿದ್ದಳು. ಮೊದಮೊದಲು ನನ್ನ ಜೊತೆ ಸೊಪ್ಪಿನ ಸುದ್ದಿ, ಸೊಸೆಯ ಸುದ್ದಿ ಮಾತಾಡುತ್ತಿದ್ದವಳು ಬರಬರುತ್ತ ಸುಮ್ಮನಾದಳು. ಒಂದು ದಿನ ಅಂದಳು, “ಬಾಗ್ಲು ಹಾಕ್ಕಂಡು ಏನ್ ಹೇಳ್ತಾವ್ಳೆ? ನನ್ ಮ್ಯಾಲೇನಾ?”

“ಅದು ನಮಗೂ ಗೊತ್ತಿರಲ್ಲ ಪುಟ್ಟತಾಯಮ್ಮ.”

“ಹದಿನೇಳು ವರ್ಸ ಅವಳ ಬಾಯಿ ನಾನೇ ಆಗಿದ್ದೆ. ನೀರು ಬೇಕು ಅಂದ್ರೆ ನಾನೇ ಹೇಳ್ಬೇಕು, ಜ್ವರ ಅಂದ್ರೆ ನಾನೇ ಹೇಳ್ಬೇಕು. ಈಗ ನಾನು ಬೆಂಚಿನ ಮ್ಯಾಲೆ.”

ಅದಾದ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ನಾನು ಮನೆಗೆ ಹೋಗಿ ಕೇಳಿದೆ. ಪುಟ್ಟತಾಯಮ್ಮ ಬಾಗಿಲಲ್ಲೇ ನಿಂತು, “ಸಾಕು ಬಿಡವ್ವ, ಹಗುರ ಆಗವ್ಳೆ” ಅಂದಳು. ಅವಳು ನಿಂತಿದ್ದ ಹೊಸ್ತಿಲ ಮರ ನಡುವೆ ಬಾಗಿತ್ತು. ಒಳಗೆ ಕಸ್ತೂರಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಕೈ ಎತ್ತಿದಳು, ತಾಯಿ ತಿರುಗಿದ್ದನ್ನು ಕಂಡು ಇಳಿಸಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಸೇತುವೆಯ ಬಾಯಲ್ಲಿರುವ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸಿಕೊಳ್ಳುತ್ತಿದ್ದೆ. ಜನ ಒಮ್ಮೆಲೇ ಹೊಳೆಯ ಕಡೆ ಓಡಿದರು. ಕಸ್ತೂರಿ ಸೇತುವೆ ಹತ್ತಿಬಿಟ್ಟಿದ್ದಳು. ಕಾವಲಿನ ಮಾಚಯ್ಯ ಎಲೆಯಡಿಕೆ ಉಗಿಯಲು ಆ ಕಡೆ ತಿರುಗಿದ್ದನಂತೆ. ಈ ಕಡೆ ತಿರುಗುವಷ್ಟರಲ್ಲಿ ಅವಳು ಇಪ್ಪತ್ತು ಹೆಜ್ಜೆ ಹೋಗಿ ಆಗಿತ್ತು. ಅವಳು ಖೈರುನ್ನಿಸಾಳ ಮನೆಗೆ ಹೊರಟಿದ್ದಳು, ಅಷ್ಟೇ. ಆಚೆ ದಡದಲ್ಲಿ, ನೀರಿನ ಅಂಚಿನಲ್ಲೇ, ಹಸಿರು ಗೋಡೆಯ ಮನೆ ಅದು. ಆದರೆ ಆ ಎರಡು ವಾರದಲ್ಲಿ ಅವಳ ಭಾರ ಎಷ್ಟಾಗಿತ್ತೋ, ಸೇತುವೆಯ ನಡುವಿಗೆ ಬರುವಷ್ಟರಲ್ಲಿ ಹಲಗೆಗಳು ತೊಟ್ಟಿಲ ಹಾಗೆ ಕೆಳಗೆ ಬಾಗಿದವು. ಒಂದು ಹಲಗೆ ಸೀಳಿತು. ಸೀಳಿದ್ದು ಅವಳಿಗೆ ಕಾಲಿನಿಂದ ಗೊತ್ತಾಯಿತು. ಪಕ್ಕದ ಹಗ್ಗ ಹಿಡಿದು ಕುಕ್ಕರಿಸಿಬಿಟ್ಟಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ದಡದಲ್ಲಿ ನಿಂತವರೆಲ್ಲ ಕೂಗುತ್ತಿದ್ದರು. ಅಲ್ಲಾಡಬೇಡ ಅಂತ ಕೆಲವರು, ವಾಪಸು ಬಾ ಅಂತ ಕೆಲವರು. ಕಿವಿ ಕೇಳಿಸದ ಹುಡುಗಿಯ ಬೆನ್ನಿಗೆ ಊರಿಗೆ ಊರೇ ಕೂಗುತ್ತಿತ್ತು. ನಾನು ಹೋಗುತ್ತೇನೆ ಅಂದೆ. ಮಾಚಯ್ಯ ಕೋಲು ಅಡ್ಡ ಹಿಡಿದ. “ಇನ್ನೊಂದು ಮಗು ಹತ್ತಿದ್ರೂ ಸೇತ್ವೆ ನಿಲ್ಲಕ್ಕಿಲ್ಲ. ಯಾರೂ ಹತ್ತಂಗಿಲ್ಲ.”

ಆಚೆ ದಡದಲ್ಲಿ ಖೈರುನ್ನಿಸಾ ನಮಗೆ ಬೆನ್ನು ಹಾಕಿ ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೂ ಕೂಗು ಮುಟ್ಟುವುದಿಲ್ಲ. ನಾನು ಹೋಟೆಲಿನ ಸ್ಟೀಲು ತಟ್ಟೆ ಎತ್ತಿಕೊಂಡು ಬಿಸಿಲಿಗೆ ಹಿಡಿದೆ. ಬೆಳಕಿನ ಬಿಲ್ಲೆ ನೀರಿನ ಮೇಲೆ ಓಡಿತು, ಬಂಡೆ ಹತ್ತಿತು, ಹಸಿರು ಗೋಡೆಯ ಮೇಲೆ ಕುಣಿಯಿತು. ಅವಳು ತಿರುಗಿದಳು. ನೋಡಿದಳು. ಕೈಯಲ್ಲಿದ್ದ ಒದ್ದೆ ಬಟ್ಟೆ ಬಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು. ಎರಡೂ ತೋಳನ್ನು ತಲೆಯ ಮೇಲೆ ಎತ್ತಿ ಬೀಸಿದಳು. ಕಸ್ತೂರಿ ತಲೆ ಎತ್ತಿದಳು.

ಆಮೇಲೆ ಖೈರುನ್ನಿಸಾ ಮಾತಾಡಲು ಶುರು ಮಾಡಿದಳು. ಐವತ್ತು ಹೆಜ್ಜೆ ದೂರದಿಂದ, ತೋಳಿನಷ್ಟು ಉದ್ದದ ಮಾತು. ನೀರಿನ ಸದ್ದಿಗೆ ಅದನ್ನು ತಡೆಯಲಾಗಲಿಲ್ಲ. ಊರಿನ ಜನ ಕೂಗುವುದನ್ನು ನಿಲ್ಲಿಸಿದರು. ಎರಡೂ ದಡದಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು.

“ಅದೇನು, ಹಾವು ಅಂತವ್ಳಾ?” ಅಂದ ಮಾಚಯ್ಯ.

“ಬೆಕ್ಕು,” ಅಂದೆ. ನನ್ನ ಒಂದೂವರೆ ತಿಂಗಳ ವಿದ್ಯೆಗೆ ದಕ್ಕಿದ್ದು ಇಷ್ಟು. ಅವಳ ಮನೆಯ ಬೆಕ್ಕು, ಪುರಸಭೆ ಅಧ್ಯಕ್ಷರಿಗೆ ಅಂತ ಹೆಣೆಯುತ್ತಿದ್ದ ಕುರ್ಚಿಯಲ್ಲಿ ಮರಿ ಹಾಕಿದೆ, ಐದು ಮರಿ, ಎತ್ತಿಟ್ಟರೆ ಮತ್ತೆ ಅಲ್ಲೇ ತಂದಿಡುತ್ತದೆ, ಅಧ್ಯಕ್ಷರು ಬಂದು ನೋಡದೆ ಕೂತರೆ ಏನು ಗತಿ. ಖೈರುನ್ನಿಸಾ ಕಲ್ಲಿನ ಮೇಲೆ ಅಧ್ಯಕ್ಷರೂ ಆದಳು, ಬೆಕ್ಕೂ ಆದಳು. ಕಸ್ತೂರಿಯ ಭುಜ ಕುಲುಕಿತು. ನಗುತ್ತಿದ್ದಳು. ಹಲಗೆಗಳು ಒಂದು ಗೇಣಷ್ಟು ಮೇಲಕ್ಕೆ ಬಂದವು.

ಅಷ್ಟರಲ್ಲಿ ಪುಟ್ಟತಾಯಮ್ಮ ಜನರನ್ನು ನೂಕಿಕೊಂಡು ಬಂದು ನನ್ನ ತೋಳು ಹಿಡಿದಳು. “ಏನಂತೆ? ಏನ್ ಹೇಳ್ತಾವ್ರೆ?”

“ಬೆಕ್ಕು ಮರಿ ಹಾಕಿದ ಸುದ್ದಿ.”

“ಈ ಗಳಿಗೇಲಿ ಬೆಕ್ಕಿನ ಸುದ್ದಿನಾ?”

ಕಸ್ತೂರಿ ನಮ್ಮ ಕಡೆ ತಿರುಗಿದಳು. ತಾಯಿಯನ್ನು ಕಂಡಳು. ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದರಲ್ಲಿ ಏನೋ ಕೇಳಿದಳು. ಪುಟ್ಟತಾಯಮ್ಮ ನನ್ನ ಮುಖ ನೋಡಿದಳು.

“ಯಾಕೆ ಬೇಡ ಅಂದೆ ಅಂತ ಕೇಳ್ತಿದಾಳೆ.”

ಪುಟ್ಟತಾಯಮ್ಮ ನನ್ನ ತೋಳು ಬಿಟ್ಟಳು. “ಭಯ ಆಯ್ತು ಅಂತ ಹೇಳು,” ಅಂದಳು. “ನನ್ನ ಬಿಟ್ಟು ಬೇರೇರ ತಾವ ಎಲ್ಲ ಹೇಳ್ಕಂಡ್ರೆ ನಾನ್ಯಾಕೆ ಅವ್ಳಿಗೆ ಅಂತ ಭಯ ಆಯ್ತು.”

“ನೀವೇ ಹೇಳಿ.”

“ನಂಗೆಲ್ಲಿ ಬರ್ತದೆ?”

ಭಯಕ್ಕೆ ಹೇಗೆ, ನನಗೆ ಅನ್ನುವುದಕ್ಕೆ ಹೇಗೆ ಅಂತ ತೋರಿಸಿದೆ. ಎರಡೇ ಕೈಮಾತು. ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಊರಿನವರೆಲ್ಲ ನೋಡುತ್ತಿರುವಾಗ ಕೈ ಎತ್ತಿದಳು. ಮೊದಲ ಸಲ ತಪ್ಪಿತು. ಎರಡನೇ ಸಲ ಸರಿಯಾಗಿ ಬಂತು. ಮೂರನೇ ಸಲ ಯಾರೂ ಹೇಳದಿದ್ದರೂ ಮಾಡಿದಳು.

ಕಸ್ತೂರಿ ತಾಯಿಯ ಕೈಯನ್ನೇ ನೋಡಿದಳು. ಹಲಗೆಗಳು ಇನ್ನೊಂದು ಗೇಣು ಮೇಲಕ್ಕೆ ಬಂದವು. ಆಮೇಲೆ ಎದ್ದು ನಿಂತಳು. ಸೀಳಿದ ಹಲಗೆಯನ್ನು ದಾಟಿ, ಹಗ್ಗ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ನಮ್ಮ ಕಡೆಗಲ್ಲ, ಆಚೆ ದಡಕ್ಕೆ.

“ಅತ್ಲಾಗೇ ಹೊಂಟ್ಲಲ್ಲ,” ಅಂದಳು ಪುಟ್ಟತಾಯಮ್ಮ.

“ಬೆಕ್ಕಿನ ಮರಿ ನೋಡ್ಬೇಕಲ್ಲ,” ಅಂದೆ.

ತಾನೂ ಹೋಗುತ್ತೇನೆ ಅಂತ ಪುಟ್ಟತಾಯಮ್ಮ ಕಾಲು ಮುಂದಿಟ್ಟಾಗ ಮಾಚಯ್ಯ ಮತ್ತೆ ಕೋಲು ಹಿಡಿದ. ಸೇತುವೆಯ ಬಾಯಲ್ಲಿ ಕಾವಲಿಗೆ ಅಂತ ಇಟ್ಟಿದ್ದ ಇನ್ನೊಂದು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಕೆಂಪು ಮುಳ್ಳು ಹದಿನಾಲ್ಕು ತೋರಿಸಿತು. “ನಾಳೆ ಮಾತಿನ ಮನೆಗೆ ಬರ್ಬೇಕಾಯ್ತದೆ ಪುಟ್ಟತಾಯಕ್ಕ,” ಅಂದ. ಹುಡುಗಿ ಆ ದಿನ ಅಲ್ಲೇ ಉಂಡು ಸಂಜೆ ಬೆಳಕಿರುವಾಗಲೇ ವಾಪಸು ಬಂದಳು. ಅಷ್ಟರಲ್ಲಿ ಹಲಗೆ ರಿಪೇರಿ ಆಗಿತ್ತು.

ಸೋಮವಾರ ಪುಟ್ಟತಾಯಮ್ಮ ತನಗಾಗಿಯೇ ಬಂದು ಮೇಡಂ ಎದುರು ಕೂತಳು. ಈ ಮಾತನ್ನು ಹೇಳಬಹುದು ಅಂತ ಆಮೇಲೆ ಅವಳೇ ನನಗೆ ಅಪ್ಪಣೆ ಕೊಟ್ಟಿದ್ದಾಳೆ. ಕಸ್ತೂರಿಗೆ ಮೂರು ವರ್ಷವಾಗಿದ್ದಾಗ ಪೇಟೆಯ ಡಾಕ್ಟರೊಬ್ಬರು, ಮಗು ಕೈ ಆಡಿಸಲು ಬಿಡಬೇಡಿ, ಕೈ ಆಡಿಸಿದರೆ ಬಾಯಿ ಬರುವುದಿಲ್ಲ ಅಂದಿದ್ದರಂತೆ. ಇವಳು ಊಟದ ಹೊತ್ತಿಗೆ ಮಗುವಿನ ಎರಡೂ ಕೈಯನ್ನು ಟವೆಲಿನಲ್ಲಿ ಸುತ್ತಿ ತುತ್ತು ಕೊಡುತ್ತಿದ್ದಳಂತೆ. ‘ಅಮ್ಮ’ ಅನ್ನಲಿ ಅಂತ ಕಾದಳಂತೆ, ನಾಲ್ಕು ವರ್ಷ. “ಅವ್ಳ ಬಾಯಿ ಕಟ್ಟಾಕ್ದೋಳು ನಾನೇ ಅಲ್ವಾ ಮೇಡಮ್ಮಾರೆ?” ಅಂದಳಂತೆ. ಮೇಡಂ ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಅವಳು ಅತ್ತು ಮುಗಿಸುವವರೆಗೆ ಕೂತಿದ್ದು, ಆಮೇಲೆ ಕೈ ಹಿಡಿದುಕೊಂಡು ಹಿಂದಿನ ವರಾಂಡಕ್ಕೆ ಕರೆದುಕೊಂಡು ಹೋಗಿ, ಖೈರುನ್ನಿಸಾಳ ಎದುರು, ಹೊಸದಾಗಿ ಹೆಣೆದ ಕುರ್ಚಿಯಲ್ಲಿ ಕೂರಿಸಿದರು.

ಇದೆಲ್ಲ ನಡೆದು ಒಂದು ವರ್ಷದ ಮೇಲಾಯಿತು. ಆ ವರಾಂಡದಲ್ಲಿ ಈಗ ಭಾನುವಾರ ಒಂಬತ್ತು ಜನ ಹುಡುಗ ಹುಡುಗಿಯರು ಸೇರುತ್ತಾರೆ. ಇಬ್ಬರು ಕಸ್ತೂರಿಯ ಹಾಸ್ಟೆಲಿನ ಗೆಳತಿಯರು, ಬಸ್ಸು ಹಿಡಿದು ಬರುತ್ತಾರೆ. ಮೂವರು ನನ್ನ ಹಾಗೆ ಅರ್ಧ ಕೇಳಿಸುವವರು, ಮೊದಲ ದಿನ ಯಾರೂ ಒಪ್ಪಿಕೊಳ್ಳುವುದಿಲ್ಲ. ಕಸ್ತೂರಿಯೇ ಅವರನ್ನು ಮೊದಲು ಮಾತಾಡಿಸುವವಳು. ಅವಳ ಮುಳ್ಳು ಮೂರು ನಾಲ್ಕರಲ್ಲಿ ಓಡಾಡಿಕೊಂಡಿದೆ, ಕೆಲವು ವಾರ ಆರಕ್ಕೂ ಹೋಗುತ್ತದೆ. ಸೊನ್ನೆ ಯಾರದ್ದೂ ಇರುವುದಿಲ್ಲ. ಖೈರುನ್ನಿಸಾ ಕುರ್ಚಿ ಹೆಣೆಯುವುದನ್ನು ಬಿಟ್ಟಿಲ್ಲ. ಮೇಡಂ ಇನ್ನೂ ಒಮ್ಮೊಮ್ಮೆ ಬದನೆಕಾಯಿ ಅನ್ನುತ್ತಾರೆ.

ಹೋದ ಬುಧವಾರ ಮಧ್ಯಾಹ್ನ ಪುಟ್ಟತಾಯಮ್ಮ ಮಾತಿನ ಮನೆಯ ಮೆಟ್ಟಿಲು ಹತ್ತಿ ನನ್ನ ಪಕ್ಕದ ಬೆಂಚಿನ ಮೇಲೆ ದೊಪ್ಪನೆ ಕೂತಳು.

“ಮೂರು ದಿನದಿಂದ ನನ್ ಜೊತೆ ಮಾತು ಬಿಟ್ಟವ್ಳೆ,” ಅಂದಳು.

“ಯಾರು?”

“ಇನ್ಯಾರು, ನಿನ್ ಕಸ್ತೂರಿ. ಭಾನುವಾರ ಬರೋ ಹುಡುಗ್ರಲ್ಲಿ ಒಬ್ಬನ ಮ್ಯಾಲೆ ಅವ್ಳಿಗೆ ಮನಸು. ನನಗೊಬ್ಬಳಿಗೇ ಅಂತ ಹೇಳಿದ್ಲು. ನಾನು ನಲ್ಲಿ ತಾವ ಬಾಯಿ ತಪ್ಪಿ ಅಂದ್ಬುಟ್ಟೆ. ಅವ್ಳಿಗೆ ಗೊತ್ತಾಗೋಯ್ತು. ಅಬ್ಬಬ್ಬ, ಆ ಕೈಯಲ್ಲಿ ಏನ್ ಬೈಗುಳ ಅಂತೀಯ. ಒಂದೂ ಬಿಡದಂಗೆ ಅರ್ಥ ಆಯ್ತು ನಂಗೆ. ನಾನೂ ಬೈದೆ. ಅವತ್ತಿಂದ ಕಣ್ಣು ಮುಚ್ಕಂ ಕೂತ್ಬುಡ್ತಾಳೆ. ನಾನು ಕೈ ಎತ್ತಿದ್ರೆ ಸಾಕು, ಕಣ್ಣು ಮುಚ್ತಾಳೆ.”

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು, ತಡೆದುಕೊಂಡಳು. ನಾನು ತಡೆದುಕೊಳ್ಳಲಿಲ್ಲ.

“ನಗ್ಬೇಡ. ಬೈಯೋದೆಲ್ಲ ಕಲ್ತೆ, ರಾಜಿ ಆಗೋದು ಕಲೀಲಿಲ್ಲ,” ಅಂದಳು ಪುಟ್ಟತಾಯಮ್ಮ. “ತಪ್ಪಾಯ್ತು ಅನ್ನೋದಕ್ಕೆ ಹೆಂಗೆ ಮಾಡ್ಬೇಕು, ತೋರ್ಸು. ಅವ್ಳು ಕಣ್ಣು ಮುಚ್ಚೋದ್ರೊಳಗೆ ಮಾಡಿ ಮುಗಿಸ್ಬೇಕು, ಬಿರ್ರನೆ ಆಗೋ ಹಂಗೆ ಹೇಳ್ಕೊಡು.”

ನಾನು ಸ್ಲೇಟು ಪಕ್ಕಕ್ಕಿಟ್ಟು ತೋರಿಸಿದೆ. ಅವಳು ತನ್ನ ದಪ್ಪ ಬೆರಳುಗಳನ್ನು ಎದೆಯ ಹತ್ತಿರ ತಂದು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮತ್ತೆ ಮತ್ತೆ ಮಾಡಿ ನೋಡಿದಳು. ಆಮೇಲೆ ಎದ್ದು, ದಾರಿಯುದ್ದಕ್ಕೂ ಅದನ್ನೇ ಮಾಡಿಕೊಳ್ಳುತ್ತ, ಎದುರಿಗೆ ಬಂದವರಲ್ಲಿ ಕೈಮಾತು ಅಷ್ಟಿಷ್ಟು ಬಲ್ಲವರು ಯಾಕೆ ಈಕೆ ನಮ್ಮ ಹತ್ತಿರ ತಪ್ಪಾಯಿತು ಅನ್ನುತ್ತಾಳೆ ಅಂತ ನಿಂತು ನೋಡುತ್ತಿದ್ದರೂ ಲೆಕ್ಕಿಸದೆ, ಮನೆಯ ಕಡೆಗೆ ಬೇಗ ಬೇಗ ನಡೆದುಹೋದಳು.